ಬಿಲ್ ಸೇರಿಸಿದ ಕೂಡಲೇ ಅದರ ಐಡಿ ಸರಿಯಾಗಿ ಪಡೆಯುವುದು ಹೇಗೆ?

ಡೊಂಬಿವಲಿಯ ಕುಂದಾಪ್ರದವ:
ಮಾಟುಂಗಾದಲ್ಲಿ ನಮ್ಮ ಮಾವನ ಹೋಟೆಲಿದೆ. ಬಿಲ್ಲಿಂಗಿಗೆ ನಾನೇ ಜಾವಾದಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ, ಡೇಟಾಬೇಸ್ ಮೈಎಸ್‌ಕ್ಯೂಎಲ್. ಬಿಲ್ ಟೇಬಲ್‌ಗೆ ಒಂದು ಸಾಲು ಸೇರಿಸಿ, 'ಸೆಲೆಕ್ಟ್ ಮ್ಯಾಕ್ಸ್(ಐಡಿ)' ಮಾಡಿ (ಐಡಿ ಅಂದರೆ ಪ್ರತಿ ಸಾಲಿಗೂ ಡೇಟಾಬೇಸ್ ತಾನೇ ಕೊಡುವ ನಂಬರ್, ಅದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೇಳಿ), ಬಂದ ನಂಬರನ್ನು ತಿಂಡಿಗಳ ಟೇಬಲ್‌ಗೆ ಹಾಕುತ್ತಿದ್ದೆ. ಒಂದೇ ಕೌಂಟರ್ ಇದ್ದಷ್ಟು ದಿನ ತೊಂದರೆಯಿರಲಿಲ್ಲ. ಪಾರ್ಸೆಲ್‌ಗೆ ಎರಡನೇ ಕೌಂಟರ್ ಹಾಕಿದ ಮೇಲೆ, ಕಳೆದ ಭಾನುವಾರ ಬೆಳಿಗ್ಗೆ ರಶ್ಶಿನಲ್ಲಿ, ಒಬ್ಬರ ಎರಡು ಮಸಾಲೆ ದೋಸೆ ಇನ್ನೊಬ್ಬರ ಬಿಲ್ಲಿಗೆ ಸೇರಿತು. ಅವರು ಹಳೇ ಗಿರಾಕಿ, ನೋಡದೆ ಹಣ ಕೊಟ್ಟು ಹೋಗಿದ್ದರು. ರಾತ್ರಿ ಲೆಕ್ಕ ಹೊಂದಿಸುವಾಗ ತಿಂಡಿಯೇ ಇಲ್ಲದ ಒಂದು ಬಿಲ್ ಸಿಕ್ಕಿತು. ಮಾವ ಒಂದು ಮಾತೂ ಅನ್ನಲಿಲ್ಲ, ಅದನ್ನು ತಂದು ನನ್ನ ಮುಂದೆ ಇಟ್ಟರು. ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರು ಬರೆಯದಂತೆ ಟೇಬಲ್ ಲಾಕ್ ಮಾಡಬೇಕೇ?

ಕೊಥ್ರೂಡ್ ಅಕ್ಕ:
ಲಾಕ್ ಬೇಡ ತಮ್ಮ. ಮ್ಯಾಕ್ಸ್ ಕೇಳಿದರೆ ಆ ಕ್ಷಣಕ್ಕೆ ಟೇಬಲ್‌ನಲ್ಲಿ ಯಾವುದು ದೊಡ್ಡದೋ ಅದು ಬರುತ್ತದೆ, ಸೇರಿಸಿದವರು ಯಾರಾದರೂ ಸರಿ. ಈಗಷ್ಟೇ ಸೇರಿಸಿದ ಸಾಲಿನ ಐಡಿ ಕೊಡುವ ಮೈಎಸ್‌ಕ್ಯೂಎಲ್‌ನ ಲಾಸ್ಟ್_ಇನ್ಸರ್ಟ್_ಐಡಿ() ಹಾಗಲ್ಲ. ಅದು ಡೇಟಾಬೇಸಿಗೆ ಪ್ರೋಗ್ರಾಂ ತೆರೆದ ಪ್ರತಿ ಕನೆಕ್ಷನ್‌ಗೂ ಬೇರೆ ಲೆಕ್ಕ ಇಡುತ್ತದೆ. ಪಕ್ಕದ ಕೌಂಟರಿನವರು ನೂರು ಬಿಲ್ ಹಾಕಿದರೂ ನಿನ್ನದು ಕದಲುವುದಿಲ್ಲ. ಕನೆಕ್ಷನ್ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳನ್ನು ಹಂಚಿಕೊಂಡು ಬಳಸುವುದು) ಇದ್ದರೆ ಮಾತ್ರ ಜೋಪಾನ, ಇನ್ಸರ್ಟ್ ಮಾಡಿದ ಕನೆಕ್ಷನ್‌ನಲ್ಲೇ ಕೇಳಬೇಕು. ಜಾವಾದಲ್ಲಿ ಆ ಪ್ರತ್ಯೇಕ ಕ್ವೆರಿಯೂ ಬೇಕಿಲ್ಲ: ಪ್ರಿಪೇರ್‌ಸ್ಟೇಟ್‌ಮೆಂಟ್‌ಗೆ ಕ್ವೆರಿಯ ಜೊತೆ ರಿಟರ್ನ್_ಜನರೇಟೆಡ್_ಕೀಸ್ ಕೊಡು, ಎಕ್ಸಿಕ್ಯೂಟ್‌ಅಪ್‌ಡೇಟ್ ಆದ ಮೇಲೆ ಗೆಟ್‌ಜನರೇಟೆಡ್‌ಕೀಸ್ ಕರೆದು ನೆಕ್ಸ್ಟ್ ಮಾಡಿ ಗೆಟ್‌ಲಾಂಗ್(1) ತಗೋ. ಬಿಲ್, ತಿಂಡಿ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿರಲಿ, ಆದರೆ ಎರಡೂ ಸೇರಬೇಕು, ಇಲ್ಲವಾದರೆ ಎರಡೂ ಬೇಡ.

ಮಡಗಾಂವ್ ಮಾಸ್ತರ್:
ಅಕ್ಕ ಹೇಳಿದ್ದು ಸರಿ. ಒಂದೇ ಇನ್ಸರ್ಟಿನಲ್ಲಿ ಹಲವು ಸಾಲು ಹಾಕಿದರೆ ಲಾಸ್ಟ್_ಇನ್ಸರ್ಟ್_ಐಡಿ ಕೊಡುವುದು ಮೊದಲ ಸಾಲಿನ ಐಡಿ, ಹೆಸರು ನೋಡಿ ಮೋಸಹೋಗಬೇಡಿ. ಬೇರೆ ಡೇಟಾಬೇಸ್‌ಗಳಲ್ಲಿ ನೋಡಿದರೆ, ಪೋಸ್ಟ್‌ಗ್ರೆಸ್‌ನಲ್ಲಿ ಇನ್ಸರ್ಟಿನ ಕೊನೆಗೆ 'ರಿಟರ್ನಿಂಗ್ ಐಡಿ' ಬರೆದರೆ ಎಲ್ಲ ಸಾಲಿನದೂ ಸಿಗುತ್ತದೆ, ಮರಿಯಾಡಿಬಿಯಲ್ಲಿ ಆವೃತ್ತಿ 10.5ರಿಂದ, ಎಸ್‌ಕ್ಯೂಲೈಟ್‌ನಲ್ಲಿ 3.35ರಿಂದ ಇದೆ.

ಈ ಐಡಿಯನ್ನೇ ಬಿಲ್ ನಂಬರಾಗಿ ಪ್ರಿಂಟ್ ಮಾಡುತ್ತಿದ್ದೀರಾ? ರೋಲ್‌ಬ್ಯಾಕ್ ಆದರೆ, ಅಂದರೆ ಟ್ರಾನ್ಸಾಕ್ಷನ್ ನಡುವೆ ರದ್ದಾದರೆ, ಆ ನಂಬರ್ ಹೋದ ಹಾಗೆಯೇ, ನಡುವೆ ಖಾಲಿ ಉಳಿಯುತ್ತದೆ. ಜಿಎಸ್‌ಟಿ ಬಿಲ್ಲಿನ ಕ್ರಮಸಂಖ್ಯೆ ಬಿಟ್ಟುಹೋಗದೆ ಸಾಗಬೇಕು. ಅದಕ್ಕೆ ಬೇರೆ ಕಾಲಂ ಇಡಿ.

ಡೊಂಬಿವಲಿಯ ಕುಂದಾಪ್ರದವ:
ಹೌದು ಮಾಸ್ತರ್, ಅದನ್ನೇ ಪ್ರಿಂಟ್ ಮಾಡುತ್ತಿದ್ದೆ. ಈ ವಾರ ಕಾಲಂ ಸೇರಿಸುತ್ತೇನೆ. ಅಕ್ಕ, ನಿನ್ನೆ ರಾತ್ರಿ ನೀವು ಹೇಳಿದಂತೆ ಬದಲಾಯಿಸಿ, ಎರಡು ಲ್ಯಾಪ್‌ಟಾಪಿನಿಂದ ಒಟ್ಟಿಗೆ ಐನೂರೈನೂರು ಬಿಲ್ ಹಾಕಿ ನೋಡಿದೆ. ಒಂದು ತಿಂಡಿಯೂ ಅದಲುಬದಲಾಗಲಿಲ್ಲ. ದೋಸೆಯ ಹಣ ಮಾವ ಆ ಗಿರಾಕಿಗೆ ಹಿಂದಿರುಗಿಸಿದ್ದಾರೆ.