ನಾರ್ವೆಯ ಮನೆಗಳಲ್ಲಿ ಯೂಲ್ ಹಬ್ಬ

ಪ್ರಶ್ನೆ: ನಾರ್ವೆಯವರು ‘ಯೂಲ್’ ಎಂದು ಕರೆಯುವ ಕ್ರಿಸ್‌ಮಸ್ ಹಬ್ಬದ ಮುಖ್ಯ ಆಚರಣೆ ಯಾವ ದಿನ, ಊಟಕ್ಕೆ ಏನಿರುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮುಖ್ಯ ದಿನ ಡಿಸೆಂಬರ್ 24. ಸಂಜೆ 5 ಗಂಟೆಗೆ ಚರ್ಚಿನ ಗಂಟೆಗಳು ಮೊಳಗಿದೊಡನೆ ಹಬ್ಬ ಬಂದಂತೆ. ಊಟವಾದ ಮೇಲೆ ಮನೆಮಂದಿ ಕೈಕೈ ಹಿಡಿದು, ಅಲಂಕರಿಸಿದ ಮರದ ಸುತ್ತ ಹಾಡುತ್ತ ಸುತ್ತುತ್ತಾರೆ.

ಉತ್ತರ 2: ಊಟ ಸೀಮೆಯಿಂದ ಸೀಮೆಗೆ ಬೇರೆ. ಪೂರ್ವದಲ್ಲಿ ಹಂದಿಯ ಪಕ್ಕೆಮಾಂಸವನ್ನು ಚರ್ಮ ಗರಿಗರಿಯಾಗುವಂತೆ ಬೇಯಿಸಿದರೆ, ಪಶ್ಚಿಮ ಕರಾವಳಿಯಲ್ಲಿ ಉಪ್ಪು ಹಾಕಿ ಒಣಗಿಸಿದ ಕುರಿಯ ಪಕ್ಕೆಲುಬುಗಳನ್ನು ನೀರಿನಲ್ಲಿ ನೆನೆಹಾಕಿ, ಪಾತ್ರೆಯ ತಳದಲ್ಲಿ ಹಾಸಿದ ಬರ್ಚ್ ಮರದ ಕಡ್ಡಿಗಳ ಮೇಲಿಟ್ಟು ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ.

ಉತ್ತರ 3: ನನಗೆ ಬಹಳ ಪ್ರಿಯವಾದದ್ದು ಹಾಲಿನಲ್ಲಿ ಬೇಯಿಸಿದ ಅಕ್ಕಿ ಗಂಜಿಯ ಪದ್ಧತಿ. ಅದರಲ್ಲಿ ಅಡಗಿಸಿಟ್ಟ ಒಂದೇ ಬಾದಾಮಿ ಯಾರ ಬಟ್ಟಲಿಗೆ ಬರುತ್ತದೆಯೋ ಅವರಿಗೆ ಮಾರ್ಜಿಪಾನಿನ (ಬಾದಾಮಿ-ಸಕ್ಕರೆ ಅರೆದು ಮಾಡುವ ಸಿಹಿ) ಹಂದಿಮರಿ ಬಹುಮಾನ. ಹಿಂದೆ ಹಳ್ಳಿಗಳಲ್ಲಿ ಕೊಟ್ಟಿಗೆ ಕಾಯುತ್ತಾನೆಂದು ಜನ ನಂಬಿದ್ದ ಜನಪದ ಕಥೆಗಳ ಕುಳ್ಳ ‘ನಿಸ್ಸೆ’ ಮುನಿಯದಿರಲೆಂದು ಬೆಣ್ಣೆ ಹಾಕಿದ ಗಂಜಿಯನ್ನು ಅವನಿಗಾಗಿಯೂ ಇಡುತ್ತಿದ್ದರು.