ಮೂರು ಕಂಪ್ಯೂಟರುಗಳಲ್ಲಿ ಒಂದೇ ಸೋರ್ಸ್ ಕೋಡ್: ಟಿಎಫ್‌ವಿಸಿ ವರ್ಕ್‌ಸ್ಪೇಸ್‌ಗಳನ್ನು ನಿಭಾಯಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಇಂದಿಗೂ ಮೈಕ್ರೋಸಾಫ್ಟ್‌ನ ಟೀಮ್ ಫೌಂಡೇಶನ್ ಸರ್ವರ್‌ನಲ್ಲಿ ಸೋರ್ಸ್ ಕೋಡಿನ ಆವೃತ್ತಿಗಳನ್ನು ಕಾಪಾಡುವ ಟಿಎಫ್‌ವಿಸಿಯನ್ನೇ ಬಳಸುತ್ತಿದೆ. ನಾನು ಬೆಂಗಳೂರಿನ ಕಚೇರಿಯ ಡೆಸ್ಕ್‌ಟಾಪ್, ಕಚೇರಿಯಿಂದ ಕೊಟ್ಟಿರುವ ಲ್ಯಾಪ್‌ಟಾಪ್ ಮತ್ತು ಮೈಸೂರಿನ ಮನೆಯಲ್ಲಿರುವ ಡೆಸ್ಕ್‌ಟಾಪ್, ಈ ಮೂರರಲ್ಲೂ ಕೆಲಸ ಮಾಡಬೇಕಾಗುತ್ತದೆ.

ಕಳೆದ ಶುಕ್ರವಾರ ಸಂಜೆ 14 ಫೈಲುಗಳಲ್ಲಿ ಕೆಲಸ ಅರ್ಧಕ್ಕೆ ನಿಂತಿತ್ತು. ಚೆಕ್ ಇನ್ ಮಾಡುವ (ಸರ್ವರ್‌ಗೆ ಸೇರಿಸುವ) ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ಇಡೀ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡು ಮನೆಗೆ ಬಂದು, ಅದೇ ಫೋಲ್ಡರಿಗೆ ಹೊಸ ವರ್ಕ್‌ಸ್ಪೇಸ್ (ಸರ್ವರ್‌ನ ಕೋಡನ್ನು ಕಂಪ್ಯೂಟರಿನ ಫೋಲ್ಡರಿಗೆ ಜೋಡಿಸುವ ಏರ್ಪಾಡು) ಮ್ಯಾಪ್ ಮಾಡಿ, ಸರ್ವರ್‌ನ ಇತ್ತೀಚಿನ ಆವೃತ್ತಿಯನ್ನು ತರುವ ಗೆಟ್ ಲೇಟೆಸ್ಟ್ ಕೊಟ್ಟೆ. ಆ 14 ಫೈಲುಗಳಿಗೂ ಕಾನ್‌ಫ್ಲಿಕ್ಟ್ (ಎರಡು ಪ್ರತಿಗಳ ನಡುವಿನ ಘರ್ಷಣೆ) ಬಂತು; ಅವಸರದಲ್ಲಿ ಸರ್ವರ್‌ನಲ್ಲಿರುವುದನ್ನೇ ತೆಗೆದುಕೊಳ್ಳುವಂತೆ ಒತ್ತಿದೆ. ನನ್ನ ತಿದ್ದುಪಡಿಗಳೆಲ್ಲ ಹೋದವು. ಮೂಲ ಪ್ರತಿ ಕಚೇರಿಯಲ್ಲಿ ಭದ್ರವಾಗಿತ್ತು ಎಂಬುದು ನಿಜ, ಆದರೆ ಆ ಎರಡು ದಿನ ವ್ಯರ್ಥವಾದವು.

ಲ್ಯಾಪ್‌ಟಾಪ್‌ನ ತೊಂದರೆ ಬೇರೆ. ಅದು ಮೊದಲು ಕೆಲಸ ಬಿಟ್ಟುಹೋದ ಸಹೋದ್ಯೋಗಿಯೊಬ್ಬರ ಬಳಿ ಇತ್ತು. ಸಿ ಡ್ರೈವಿನ ಪ್ರಾಜೆಕ್ಟ್ಸ್ ಫೋಲ್ಡರನ್ನು ಮ್ಯಾಪ್ ಮಾಡಲು ಹೊರಟರೆ, ಅದು ಅವರ ವರ್ಕ್‌ಸ್ಪೇಸ್‌ನಲ್ಲಿ ಈಗಾಗಲೇ ಬಳಕೆಯಲ್ಲಿದೆ ಎಂಬ ಸಂದೇಶ ಬರುತ್ತದೆ. ಸಾಲದ್ದಕ್ಕೆ, ಮುಂದಿನ ತಿಂಗಳು ಕಚೇರಿಯ ಎಲ್ಲ ಡೆಸ್ಕ್‌ಟಾಪ್‌ಗಳ ಹೆಸರನ್ನೂ ಬದಲಿಸುತ್ತಾರಂತೆ. ಮೂರೂ ಕಡೆ ಒಂದೇ ವರ್ಕ್‌ಸ್ಪೇಸ್ ಇಟ್ಟುಕೊಳ್ಳಲು ದಾರಿ ಇದೆಯೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ನಮಸ್ಕಾರ. ಮೂರೂ ಕಡೆ ಒಂದೇ ವರ್ಕ್‌ಸ್ಪೇಸ್ ಇಡಲು ಬರುವುದಿಲ್ಲ, ಬರುವಂತಿದ್ದರೂ ಇಡಬಾರದು. ಟಿಎಫ್‌ವಿಸಿಯಲ್ಲಿ ವರ್ಕ್‌ಸ್ಪೇಸ್ ಎಂಬುದು ನಿಮ್ಮ ಹೆಸರಿಗೆ ಮಾತ್ರವಲ್ಲ, ಆ ಕಂಪ್ಯೂಟರಿನ ಹೆಸರಿಗೂ ಕಟ್ಟುಬಿದ್ದಿರುತ್ತದೆ. ಸರ್ವರ್ ವರ್ಕ್‌ಸ್ಪೇಸ್ ಆಗಿದ್ದರೆ, ಈ ಯಂತ್ರಕ್ಕೆ ಯಾವ ಫೈಲಿನ ಎಷ್ಟನೆಯ ಆವೃತ್ತಿಯನ್ನು ಕೊಟ್ಟಿದ್ದೇನೆ, ಇಲ್ಲಿ ಯಾವುದು ಚೆಕ್ ಔಟ್ ಆಗಿದೆ (ತಿದ್ದಲು ತೆಗೆದುಕೊಂಡದ್ದು) ಎಂಬ ಲೆಕ್ಕವನ್ನು ಸರ್ವರ್ ತನ್ನ ಬಳಿ ಬರೆದಿಟ್ಟುಕೊಳ್ಳುತ್ತದೆ. ನೀವು ಫೋಲ್ಡರನ್ನು ನಕಲು ಮಾಡಿದಾಗ ಫೈಲುಗಳು ಮನೆಗೆ ಬಂದವು, ಲೆಕ್ಕ ಬರಲಿಲ್ಲ. ಚೆಕ್ ಔಟ್ ಆಗದ ಫೈಲುಗಳು ಓದಲು ಮಾತ್ರ ಎಂಬ ಗುರುತಿನಲ್ಲಿದ್ದುದರಿಂದ ಸದ್ದಿಲ್ಲದೆ ಬದಲಾದವು. ನೀವು ತಿದ್ದಿದ್ದ 14 ಫೈಲುಗಳು ಮಾತ್ರ ಬರೆಯಬಲ್ಲ ಸ್ಥಿತಿಯಲ್ಲಿದ್ದುದರಿಂದ ಸರ್ವರ್ ನಿಮ್ಮನ್ನು ಕೇಳಿತು. ಅಂದರೆ ಆ ಕಾನ್‌ಫ್ಲಿಕ್ಟ್ ನಿಮ್ಮ ಕೆಲಸವನ್ನು ಕಾಪಾಡಲೆಂದೇ ಬಂದದ್ದು.

ಆದ್ದರಿಂದ ಪ್ರತಿ ಯಂತ್ರಕ್ಕೂ ಒಂದೊಂದು ವರ್ಕ್‌ಸ್ಪೇಸ್ ಇರಲಿ. ಯಂತ್ರದಿಂದ ಯಂತ್ರಕ್ಕೆ ಹೋಗಬೇಕಾದದ್ದು ಮುಗಿಯದ ಕೆಲಸ ಮಾತ್ರ, ಮತ್ತು ಅದು ಹೋಗಬೇಕಾದದ್ದು ಶೆಲ್ವ್‌ಸೆಟ್ (ಚೆಕ್ ಇನ್ ಮಾಡದೆ ಸರ್ವರ್‌ನಲ್ಲಿ ಎತ್ತಿಡುವ ಬದಲಾವಣೆಗಳ ಗುಂಪು) ಮೂಲಕ. ಶುಕ್ರವಾರ ಹೊರಡುವ ಮುನ್ನ ಪೆಂಡಿಂಗ್ ಚೇಂಜಸ್ (ಇನ್ನೂ ಚೆಕ್ ಇನ್ ಆಗದ ಬದಲಾವಣೆಗಳ) ಪುಟದಲ್ಲಿ ಶೆಲ್ವ್ ಒತ್ತಿ, ದಿನಾಂಕ ಸೇರಿಸಿ ಹೆಸರು ಕೊಡಿ. ಅಲ್ಲೇ ಬದಲಾವಣೆಗಳನ್ನು ಈ ಯಂತ್ರದಲ್ಲೂ ಉಳಿಸಬೇಕೇ ಎಂಬ ಚೌಕವಿರುತ್ತದೆ. ಅದರ ಗುರುತನ್ನು ತೆಗೆಯಿರಿ. ಇಲ್ಲದಿದ್ದರೆ ಮನೆಯಲ್ಲಿ ಮುಂದುವರಿಸಿ ಚೆಕ್ ಇನ್ ಮಾಡಿದ ಕೆಲಸಕ್ಕೂ ಕಚೇರಿಯಲ್ಲಿ ಉಳಿದ ಅರ್ಧ ಕೆಲಸಕ್ಕೂ ಸೋಮವಾರ ಬೆಳಿಗ್ಗೆ ಕಾನ್‌ಫ್ಲಿಕ್ಟ್ ಬರುತ್ತದೆ. ಮನೆಯಲ್ಲಿ ಮೊದಲು ಗೆಟ್ ಲೇಟೆಸ್ಟ್ ಮಾಡಿ, ಆಮೇಲೆ ಅನ್‌ಶೆಲ್ವ್ ಮಾಡಿ (ಶೆಲ್ವ್ ಮಾಡಿದ್ದನ್ನು ಮರಳಿ ಪಡೆಯಿರಿ).

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಶೆಲ್ವ್‌ಸೆಟ್‌ಗೆ ಇತಿಹಾಸ ಇರುವುದಿಲ್ಲ. ಅದೇ ಹೆಸರಿನಲ್ಲಿ ಮತ್ತೆ ಶೆಲ್ವ್ ಮಾಡಿದರೆ ಹಳೆಯದು ಹೋಗಿ ಹೊಸದು ಕೂರುತ್ತದೆ. ಇನ್ನು, ಹೊಸದಾಗಿ ಸೃಷ್ಟಿಸಿದ ಫೈಲನ್ನು ಟಿಎಫ್‌ವಿಸಿಗೆ ಆ್ಯಡ್ ಮಾಡಿರದಿದ್ದರೆ ಅದು ಶೆಲ್ವ್‌ಸೆಟ್‌ಗೆ ಸೇರುವುದೇ ಇಲ್ಲ. ಬ್ರೇಕ್‌ಪಾಯಿಂಟ್‌ಗಳೂ (ದೋಷ ಹುಡುಕಲು ಪ್ರೋಗ್ರಾಂ ನಿಲ್ಲಬೇಕಾದ ಸಾಲುಗಳ ಗುರುತುಗಳು) ಹಾಗೆಯೇ ಆ ಯಂತ್ರದಲ್ಲೇ ಉಳಿಯುತ್ತವೆ.

ಉತ್ತರ 2

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಲ್ಯಾಪ್‌ಟಾಪ್ ಮತ್ತು ಹೆಸರು ಬದಲಾವಣೆಯ ಬಗ್ಗೆ ಬರೆಯುತ್ತೇನೆ.

ಒಂದು ಯಂತ್ರದ ಒಂದು ಫೋಲ್ಡರನ್ನು ಒಂದು ಸರ್ವರ್‌ನ ಎರಡು ವರ್ಕ್‌ಸ್ಪೇಸ್‌ಗಳು ಏಕಕಾಲದಲ್ಲಿ ಹಿಡಿದಿಡಲಾರವು. ನಿಮ್ಮ ಸಹೋದ್ಯೋಗಿ ಸಂಸ್ಥೆ ಬಿಟ್ಟಿದ್ದರೂ ಅವರ ವರ್ಕ್‌ಸ್ಪೇಸ್ ಸರ್ವರ್‌ನಲ್ಲಿ ಹಾಗೇ ಇದೆ. ಟಿಎಫ್ ವರ್ಕ್‌ಸ್ಪೇಸಸ್ ಎಂಬ ಕಮಾಂಡ್ ಲೈನ್ ಆದೇಶಕ್ಕೆ ಓನರ್ ಜಾಗದಲ್ಲಿ ನಕ್ಷತ್ರ ಚಿಹ್ನೆಯನ್ನೂ ಕಂಪ್ಯೂಟರ್ ಜಾಗದಲ್ಲಿ ಲ್ಯಾಪ್‌ಟಾಪ್‌ನ ಹೆಸರನ್ನೂ ಕೊಟ್ಟರೆ ಅದು ಕಾಣಿಸುತ್ತದೆ. ಬೇರೆಯವರ ವರ್ಕ್‌ಸ್ಪೇಸನ್ನು ಅಳಿಸಲು ಅಡ್ಮಿನಿಸ್ಟರ್ ವರ್ಕ್‌ಸ್ಪೇಸಸ್ ಎಂಬ ಅನುಮತಿ ಬೇಕು. ಅದು ಇರುವವರು ಟಿಎಫ್ ವರ್ಕ್‌ಸ್ಪೇಸ್ ಆದೇಶದ ಡಿಲೀಟ್ ಆಯ್ಕೆಗೆ ವರ್ಕ್‌ಸ್ಪೇಸ್‌ನ ಹೆಸರು, ಅರ್ಧವಿರಾಮ, ಬಳಕೆದಾರರ ಹೆಸರು ಎಂಬ ಕ್ರಮದಲ್ಲಿ ಬರೆದು ಅಳಿಸಬಹುದು. ವರ್ಕ್‌ಸ್ಪೇಸಸ್ ಆದೇಶದಲ್ಲಿ ರಿಮೂವ್ ಎಂಬ ಇನ್ನೊಂದು ಆಯ್ಕೆಯಿದೆ. ಅದು ನಿಮ್ಮ ಯಂತ್ರದ ಕ್ಯಾಶ್‌ನಿಂದ (ಯಂತ್ರ ತನ್ನಲ್ಲಿ ಇಟ್ಟುಕೊಂಡ ಪಟ್ಟಿಯಿಂದ) ಮಾತ್ರ ತೆಗೆಯುತ್ತದೆ, ಸರ್ವರ್‌ನಿಂದಲ್ಲ. ಇವೆರಡನ್ನು ಬೆರೆಸಿಕೊಂಡು ಪರದಾಡಿದವರನ್ನು ನಾನು ಬಹಳ ನೋಡಿದ್ದೇನೆ.

ಆದರೆ ಅಳಿಸುವ ಮುನ್ನ ದಯವಿಟ್ಟು ಒಂದು ಕ್ಷಣ ನಿಲ್ಲಿ. ವರ್ಕ್‌ಸ್ಪೇಸ್ ಹೋದರೆ ಅದರ ಪೆಂಡಿಂಗ್ ಚೇಂಜಸ್ ದಾಖಲೆಯೂ ಹೋಗುತ್ತದೆ. ಟಿಎಫ್ ಸ್ಟೇಟಸ್ ಆದೇಶಕ್ಕೆ ಆ ವರ್ಕ್‌ಸ್ಪೇಸ್ ಮತ್ತು ಬಳಕೆದಾರರ ಹೆಸರನ್ನು ಕೊಟ್ಟು, ಏನಾದರೂ ಬಾಕಿ ಇದೆಯೇ ಎಂದು ನೋಡಿ. ಇದ್ದರೆ, ಯಾವ ಫೈಲು ಚೆಕ್ ಔಟ್ ಆಗಿದೆ ಎಂಬುದಷ್ಟೇ ಸರ್ವರ್‌ಗೆ ಗೊತ್ತು. ಅದರಲ್ಲಿ ಏನು ಬದಲಾಗಿದೆ ಎಂಬುದು ಚೆಕ್ ಇನ್ ಅಥವಾ ಶೆಲ್ವ್ ಮಾಡುವವರೆಗೂ ಆ ಲ್ಯಾಪ್‌ಟಾಪ್‌ನ ಡಿಸ್ಕಿನಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಮೊದಲು ಆ ಫೋಲ್ಡರನ್ನು ಬೇರೆಡೆ ನಕಲು ಮಾಡಿಡಿ. ನಮ್ಮಲ್ಲಿ ಹಿಂದೊಮ್ಮೆ ಹೀಗೆ ನೋಡದೆ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿ, ಒಬ್ಬರ ಮೂರು ವಾರಗಳ ಕೆಲಸವನ್ನು ನಾವು ಮತ್ತೆ ಬರೆಯಬೇಕಾಯಿತು.

ಹೆಸರು ಬದಲಾವಣೆ ಸುಲಭ. ಯಂತ್ರದ ಹೆಸರು ಬದಲಾದ ಮೇಲೆ ಕೋಡ್ ಬರೆಯುವ ತಂತ್ರಾಂಶವಾದ ವಿಷುವಲ್ ಸ್ಟುಡಿಯೋದಲ್ಲಿ ನಿಮ್ಮ ಹಳೆಯ ವರ್ಕ್‌ಸ್ಪೇಸ್ ಕಾಣಿಸದೆ ಹೋದರೆ ಗಾಬರಿಯಾಗಿ ಹೊಸದನ್ನು ಸೃಷ್ಟಿಸಬೇಡಿ. ಟಿಎಫ್ ವರ್ಕ್‌ಸ್ಪೇಸಸ್ ಆದೇಶದ ಅಪ್‌ಡೇಟ್ ಕಂಪ್ಯೂಟರ್ ನೇಮ್ ಆಯ್ಕೆಗೆ ಹಳೆಯ ಹೆಸರನ್ನು ಕೊಟ್ಟು, ಕಲೆಕ್ಷನ್ (ಸರ್ವರ್‌ನಲ್ಲಿರುವ ಪ್ರಾಜೆಕ್ಟ್‌ಗಳ ಗುಂಪು) ವಿಳಾಸವನ್ನೂ ಸೇರಿಸಿ ಓಡಿಸಿದರೆ ಸರ್ವರ್ ತನ್ನ ಲೆಕ್ಕದಲ್ಲಿ ಹೊಸ ಹೆಸರನ್ನು ಬರೆದುಕೊಳ್ಳುತ್ತದೆ. ಹಳೆಯ ಹೆಸರನ್ನು ಈಗಲೇ ಎಲ್ಲಾದರೂ ಗುರುತು ಹಾಕಿಕೊಳ್ಳಿ.

ಉತ್ತರ 3

ಮನೆಯ ಯಂತ್ರದಲ್ಲಿ, ಲೆಕ್ಕವನ್ನು ಆ ಯಂತ್ರದಲ್ಲೇ ಇಡುವ ಲೋಕಲ್ ವರ್ಕ್‌ಸ್ಪೇಸ್ ಬಳಸುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಟೀಮ್ ಫೌಂಡೇಶನ್ ಸರ್ವರ್‌ನ 2012ರ ಆವೃತ್ತಿಯಿಂದ ಈ ಸೌಲಭ್ಯವಿದೆ. ಸರ್ವರ್‌ನಿಂದ ಪಡೆದ ಮೂಲ ಪ್ರತಿಗಳನ್ನು ಡಾಲರ್ ಚಿಹ್ನೆಯಿಂದ ಆರಂಭವಾಗುವ ಒಂದು ಅಡಗಿದ ಫೋಲ್ಡರಿನಲ್ಲಿ ಇಟ್ಟುಕೊಳ್ಳುವುದರಿಂದ ವಿಪಿಎನ್ ಕಡಿದುಹೋದರೂ ತಿದ್ದಬಹುದು, ಮೂಲದೊಂದಿಗೆ ಹೋಲಿಸಬಹುದು. ಆದರೆ ಒಂದು ಲಕ್ಷಕ್ಕಿಂತ ಹೆಚ್ಚು ಫೈಲುಗಳಿದ್ದರೆ ಅದು ನಿಧಾನವಾಗುತ್ತದೆ. ಇಡೀ ಮರವನ್ನು ಮ್ಯಾಪ್ ಮಾಡದೆ ಬೇಕಾದ ಶಾಖೆಯನ್ನಷ್ಟೇ ಮ್ಯಾಪ್ ಮಾಡಿ, ಉಳಿದದ್ದಕ್ಕೆ ಕ್ಲೋಕ್ (ಆ ಭಾಗವನ್ನು ತರಬೇಡ ಎಂಬ ಸೂಚನೆ) ಕೊಡಿ.

ಆ ಫೋಲ್ಡರನ್ನು ಕ್ಲೌಡ್ ಡ್ರೈವಿನ ಒಳಗೆ ಇಟ್ಟು ಮೂರೂ ಯಂತ್ರಗಳಿಗೆ ತಾನಾಗಿ ಹೋಗಲಿ ಎಂದು ಮಾತ್ರ ಯಾರೂ ಯೋಚಿಸಬಾರದು. ಫೈಲು ಮೊದಲು ತಲುಪಿ ಅಡಗಿದ ಫೋಲ್ಡರ್ ಆಮೇಲೆ ತಲುಪಿದರೆ, ಯಾವುದು ತಿದ್ದಿದ್ದು, ಯಾವುದು ಮೂಲ ಎಂಬುದೇ ಗೊಂದಲವಾಗುತ್ತದೆ. ಕೋಡ್ ಕಾಪಾಡುವ ಇನ್ನೊಂದು ವ್ಯವಸ್ಥೆಯಾದ ಗಿಟ್‌ಗೆ ಹೋಗಿ ಎಂದು ಸಲಹೆ ಕೊಡುವವರಿಗೂ ಒಂದು ಮಾತು: ಅಲ್ಲಿ ಸರ್ವರ್ ಹೀಗೆ ಲೆಕ್ಕ ಇಡುವುದಿಲ್ಲವಾದ್ದರಿಂದ ಈ ತೊಡಕುಗಳು ಇಲ್ಲ, ನಿಜ, ಆದರೆ ಸ್ಟ್ಯಾಶ್ ಮಾಡಿದ್ದು (ಪಕ್ಕಕ್ಕೆ ಎತ್ತಿಟ್ಟ ಮುಗಿಯದ ಕೆಲಸ) ಸಾಮಾನ್ಯವಾಗಿ ಆ ಯಂತ್ರದಲ್ಲೇ ಉಳಿಯುತ್ತದೆ, ಮುಗಿಯದ ಕೆಲಸವನ್ನು ಒಂದು ಬ್ರಾಂಚಿಗೆ (ಪ್ರತ್ಯೇಕ ಕವಲಿಗೆ) ಹಾಕಿ ಸರ್ವರ್‌ಗೆ ಪುಶ್ ಮಾಡಿಯೇ ಮನೆಗೆ ಹೊರಡಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮನೆಯಲ್ಲಿ ಲೋಕಲ್ ವರ್ಕ್‌ಸ್ಪೇಸ್ ಮಾಡಿಕೊಂಡಿದ್ದೇನೆ. ಈ ಶುಕ್ರವಾರ ಶೆಲ್ವ್ ಮಾಡಿ ಬಂದು ಅನ್‌ಶೆಲ್ವ್ ಮಾಡಿದಾಗ 14 ಫೈಲುಗಳೂ ಸರಿಯಾಗಿ ಬಂದವು. ಲ್ಯಾಪ್‌ಟಾಪ್‌ನಲ್ಲಿ ಎರಡನೆಯ ಉತ್ತರದಲ್ಲಿ ಹೇಳಿದಂತೆ ಮೊದಲು ಸ್ಟೇಟಸ್ ನೋಡಿದೆವು. ಆ ಸಹೋದ್ಯೋಗಿಯ ಹೆಸರಿನಲ್ಲಿ ಮೂರು ಫೈಲುಗಳು ಬಾಕಿ ಇದ್ದವು. ಎರಡರಲ್ಲಿ ಟಿಪ್ಪಣಿ ಸಾಲುಗಳಷ್ಟೇ ಬದಲಾಗಿದ್ದವು. ಮೂರನೆಯದರಲ್ಲಿ, ಬಿಲ್ಲಿನ ಮೊತ್ತದಲ್ಲಿ ಒಂದು ಪೈಸೆ ವ್ಯತ್ಯಾಸ ಬರುತ್ತಿದೆ ಎಂದು ಗ್ರಾಹಕರು ಹಲವು ಸಲ ದೂರಿದ್ದ ದೋಷಕ್ಕೆ ಅವರು ಆಗಲೇ ಪರಿಹಾರ ಬರೆದಿಟ್ಟಿದ್ದರು. ಅದನ್ನು ಪರೀಕ್ಷಿಸಿ, ಷರಾದಲ್ಲಿ ಅವರ ಹೆಸರನ್ನು ಬರೆದು ಚೆಕ್ ಇನ್ ಮಾಡಿದ ಮೇಲೆಯೇ ಆ ವರ್ಕ್‌ಸ್ಪೇಸನ್ನು ಅಳಿಸಿದೆವು.