ನೀಟಾಗಿ ವೈರಿಂಗ್ ಮಾಡಿದ ಮೇಲೆ ವಾಲ್ವ್ ಆಂಪ್ಲಿಫೈಯರ್ ಕೂಗುತ್ತಿದೆ

ಬೆಸುಗೆ_ಕೊಪ್ಪಳ:
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ ಮೈಕ್‌ಸೆಟ್ ಆಂಪ್ಲಿಫೈಯರ್ ಇದು. ಒಳಗೆ ಗಾಜಿನ ನಾಲ್ಕು ವಾಲ್ವ್: ಸಿಗ್ನಲ್ ಹಿಗ್ಗಿಸುವ ಎರಡು ಇಸಿಸಿ83, ಸ್ಪೀಕರ್ ಓಡಿಸುವ ಎರಡು ಇಎಲ್84. ಒಳಗಿನ ರಬ್ಬರ್ ವೈರ್‌ಗಳು ಕೈ ತಾಗಿದರೆ ಸಾಕು, ಹಪ್ಪಳದ ಹಾಗೆ ಪುಡಿಯಾಗುತ್ತಿದ್ದವು. ಎಲ್ಲ ಕಿತ್ತು ಹೊಸದು ಹಾಕಿದೆ. ಒಂದೇ ಕಟ್ಟು ಮಾಡಿ ದಾರದಿಂದ ಬಿಗಿದಿದ್ದೇನೆ, ಫೋಟೋ ನೋಡಿ. ಈಗ ಸದಾ ಗುಂಯ್ ಅನ್ನುತ್ತದೆ. ವಾಲ್ಯೂಮ್ ಅರ್ಧ ದಾಟಿದರೆ ಕೀಂಯ್ ಅಂತ ಕೂಗುತ್ತದೆ. ವಾಲ್ವ್ ಹೋಗಿವೆಯಾ?

ರಾಯಚೂರು_ರಿಪೇರಿ:
ವಾಲ್ವ್ ತಂಟೆಗೆ ಹೋಗಬೇಡ ತಮ್ಮಾ. ಫೋಟೋ ನೋಡಿದೆ, ಕಟ್ಟು ಬಲು ಚಂದ ಬಂದಿದೆ. ಅದನ್ನೇ ಬಿಚ್ಚಬೇಕು!

ಮನೆ ವೈರಿಂಗ್‌ಗೆ ಈ ಕಟ್ಟು ಸರಿ. ಇಲ್ಲಿ ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ಮೊದಲ ಇಸಿಸಿ83ರ 2ನೇ ಪಿನ್‌ಗೆ, ಅಂದರೆ ಸಿಗ್ನಲ್ ಒಳಹೋಗುವ ಗ್ರಿಡ್‌ಗೆ ಒಯ್ಯುವ ವೈರನ್ನು ಇಎಲ್84ರ 7ನೇ ಪಿನ್ನಿನ, ಅಂದರೆ ಸಿಗ್ನಲ್ ಹೊರಬರುವ ಪ್ಲೇಟಿನ ವೈರ್ ಜೊತೆ ಮಲಗಿಸಿದ್ದೀಯ. ಪ್ಲೇಟಿನ ದೊಡ್ಡ ಸಿಗ್ನಲ್ ಗ್ರಿಡ್‌ಗೆ ಜಿಗಿಯುತ್ತದೆ, ಮತ್ತೆ ದೊಡ್ಡದಾಗಿ ಹೊರಬರುತ್ತದೆ, ಮತ್ತೆ ಜಿಗಿಯುತ್ತದೆ. ಕೂಗದೆ ಇನ್ನೇನು ಮಾಡೀತು?

ಮೊದಲು ಪ್ಲಗ್ ಕಿತ್ತುಬಿಡು. ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಉಳಿದಿರಬಹುದು. 10 ಕಿಲೋ ಓಮ್, 5 ವಾಟ್ ರೆಸಿಸ್ಟರ್‌ನಿಂದ ಖಾಲಿ ಮಾಡು, ಮೀಟರ್ ಇಟ್ಟು ನೋಡು, ಆಮೇಲೆ ಕೈ ಹಾಕು. ಗ್ರಿಡ್ ವೈರ್ ಆದಷ್ಟು ಗಿಡ್ಡ ಇರಲಿ, ಚಾಸಿಗೆ, ಅಂದರೆ ಲೋಹದ ತಳಕ್ಕೆ, ಅಂಟಿಕೊಂಡು ಹೋಗಲಿ. ಪ್ಲೇಟ್ ವೈರ್‌ಗೆ ಆಚೆ ಬದಿ. ದಾಟಲೇಬೇಕಾದರೆ ಅಡ್ಡ ದಾಟಿಸು, ಜೊತೆಜೊತೆಗೆ ಓಡಿಸಬೇಡ.

ಇನ್ನು ಗುಂಯ್. ವಾಲ್ವ್ ಬಿಸಿ ಮಾಡುವ ಹೀಟರ್ ವೈರ್‌ಗಳನ್ನೂ ಹೊಸೆಯದೆ ನೇರ ಓಡಿಸಿದ್ದೀಯ. ನಾಲ್ಕು ವಾಲ್ವ್ ಸೇರಿ 2 ಆಂಪಿಯರ್‌ಗಿಂತ ಜಾಸ್ತಿ ಎಸಿ ಅಲ್ಲಿ ಹರಿಯುತ್ತದೆ. ಎರಡನ್ನೂ ಹಗ್ಗದ ಹಾಗೆ ಬಿಗಿಯಾಗಿ ಹೊಸೆದು ಮೂಲೆಗೆ ಒತ್ತು. ಹೊಸೆದರೆ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ.

ಬಳ್ಳಾರಿ_ವಾಲ್ವ್:
ಅಣ್ಣ ಹೇಳಿದ್ದು ಸರಿ. ಕಟ್ಟು ಬಿಚ್ಚಿದ ಮೇಲೆ ಆನ್ ಮಾಡಿ, ಒಣ ಮರದ ಕಡ್ಡಿಯಿಂದ ಒಂದೊಂದೇ ವೈರ್ ಸರಿಸಿ ನೋಡಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ. ಯಾವುದನ್ನು ಸರಿಸಿದರೆ ಶಬ್ದ ಬದಲಾಗುತ್ತದೋ ಅದೇ ಕಳ್ಳ. ಅಂದಹಾಗೆ, ವಾಲ್ಯೂಮ್ ಸೊನ್ನೆಗೆ ತಂದರೂ ಗುಂಯ್ ಇದೆಯಾ?

ಬೆಸುಗೆ_ಕೊಪ್ಪಳ:
ದಾರ ಕತ್ತರಿಸುವಾಗ ಹೊಟ್ಟೆ ಉರಿಯಿತು, ಎರಡು ಭಾನುವಾರದ ಕೆಲಸ ಅದು. ಕಡ್ಡಿಯಿಂದ ಗ್ರಿಡ್ ವೈರ್ ಪಕ್ಕಕ್ಕೆ ತಳ್ಳಿದ ಕೂಡಲೇ ಕೂಗು ನಿಂತಿತು! ಈಗ ಅದಕ್ಕೆ ಸುತ್ತ ಜಾಲರಿ ಇರುವ ಶೀಲ್ಡ್ ವೈರ್ ಹಾಕಿದ್ದೇನೆ. ಹೀಟರ್ ಹೊಸೆದೆ, ಗುಂಯ್ ಅರ್ಧ ಇಳಿಯಿತು. ಉಳಿದದ್ದು ವಾಲ್ಯೂಮ್ ಸೊನ್ನೆಯಲ್ಲೂ ಇದೆ.

ರಾಯಚೂರು_ರಿಪೇರಿ:
ಶೀಲ್ಡ್‌ನ ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡು. ಟ್ರಾನ್ಸ್‌ಫಾರ್ಮರ್‌ನಲ್ಲಿ ಹೀಟರ್ ಸುತ್ತಿನ ನಟ್ಟನಡುವಿಂದ ಬರುವ ವೈರ್, ಸೆಂಟರ್ ಟ್ಯಾಪ್, ಇತ್ತಲ್ಲ, ಅದು ಎಲ್ಲಿಗೆ ಹೋಗಿದೆ?

ಬೆಸುಗೆ_ಕೊಪ್ಪಳ:
ಅಯ್ಯೋ, ಎಲ್ಲಿಗೂ ಹೋಗಿಲ್ಲ. ಟೇಪ್ ಸುತ್ತಿ ಮೂಲೆಗೆ ತುರುಕಿದ್ದೆ. ಚಾಸಿಗೆ ಬೆಸೆದೆ ಅಣ್ಣಾ, ಈಗ ಸ್ಪೀಕರ್‌ಗೆ ಕಿವಿ ಇಟ್ಟರಷ್ಟೇ ಕೇಳುತ್ತದೆ.